ಗುಂಡ್ಯದ ಮೇಲೆ ಹಾರುವ ವಿಮಾನ, ಗುಂಡ್ಯದಲ್ಲಿ ನಿಲ್ಲುವ ಬಸ್ಸು

ಮಂಗಳೂರಿನಿಂದ ಬೆಂಗಳೂರಿಗೆ ಹೊರಟವರಿಗೆ ಮೂರು ದಾರಿ. ಬಜ್ಪೆಯಲ್ಲಿ ವಿಮಾನ ಹತ್ತಿದರೆ ಒಂದು ಗಂಟೆ. ರಾಷ್ಟ್ರೀಯ ಹೆದ್ದಾರಿ 75ರ ಬಸ್ಸು ಹಿಡಿದರೆ ಏಳೆಂಟು ಗಂಟೆ. ರೈಲಾದರೆ ಇನ್ನೂ ಒಂದೆರಡು ಗಂಟೆ ಹೆಚ್ಚು. ಘಟ್ಟ ದಾಟುವ ಕೆಲಸ ಮೂವರಿಗೂ ಇದ್ದದ್ದೇ. ವಿಮಾನದವನಿಗೆ ಅದು ಗೊತ್ತೂ ಆಗುವುದಿಲ್ಲ. ರೈಲಿನವನು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಹಿಂದಿನಿಂದ ನೂಕುವ ಬ್ಯಾಂಕರ್ ಎಂಜಿನ್ ಸೇರುವ ತನಕ ಕಾಯುತ್ತಾನೆ. ಬಸ್ಸಿನವನು ಗುಂಡ್ಯದಲ್ಲಿ ಚಾ ಕುಡಿದು, ಶಿರಾಡಿ ಘಾಟಿ ಹತ್ತಲು ಮತ್ತೆ ಸೀಟಿಗೆ ಬಂದು ಕೂರುತ್ತಾನೆ. ಈ ಮೂವರಲ್ಲಿ ಒಬ್ಬನ ಹೃದಯ ದಾರಿಯಲ್ಲಿ ತಟ್ಟನೆ ನಿಂತರೆ ಬದುಕುವ ಅವಕಾಶ ಯಾರಿಗೆ ಹೆಚ್ಚು?

ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಆಸ್ಪತ್ರೆಯಿಲ್ಲ, ಆಂಬುಲೆನ್ಸ್ ಇಲ್ಲ, ಕೂಡಲೇ ಇಳಿಯಲು ಜಾಗವೂ ಇಲ್ಲ. ಆದರೂ ಅವಕಾಶ ಹೆಚ್ಚಿರುವುದು ವಿಮಾನದವನಿಗೇ ಇರಬಹುದು. ಕಾರಣ ಸರಳ. ಆಸ್ಪತ್ರೆ ದೂರವಿದೆ ಎಂಬುದನ್ನು ವಿಮಾನಯಾನದವರು ಮೂರು ದಶಕಗಳ ಹಿಂದೆಯೇ ಒಪ್ಪಿಕೊಂಡು, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರವನ್ನು ಪ್ರಯಾಣಿಕರ ಜತೆಗೇ ಹಾರಿಸಲು ಶುರು ಮಾಡಿದರು. ಘಾಟಿಯಲ್ಲಿ ನಾವು ಆಸ್ಪತ್ರೆ ಹತ್ತಿರವಿದೆ ಎಂದೇ ಇನ್ನೂ ನಂಬಿಕೊಂಡಿದ್ದೇವೆ. ವಿಮಾನದ ಅನುಭವದಿಂದ ಗುಂಡ್ಯದ ರಸ್ತೆಗೂ ಹಳಿಗೂ ಏನು ದಕ್ಕೀತು ಎಂದು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಕಾಯಿಲೆಯ ವಿಷಯ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಎದೆ ಹಿಂಡಿದಂತಾಗುತ್ತದೆ, ಬೆವರುತ್ತದೆ, ವಾಂತಿ ಬಂದಂತಾಗುತ್ತದೆ. ಆದರೆ ಮನುಷ್ಯ ಮಾತಾಡುತ್ತಿರುತ್ತಾನೆ, ಅವನ ಕೈಯಲ್ಲಿ ಹೆಚ್ಚಿನ ಸಲ ಸ್ವಲ್ಪ ಹೊತ್ತಾದರೂ ಇರುತ್ತದೆ. ಹೃದಯ ಸ್ತಂಭನ ಬೇರೆ. ಅಲ್ಲಿ ಹೃದಯದ ಕೆಳಗಿನ ಕೋಣೆಗಳು ತಾಳ ತಪ್ಪಿ ಅದುರತೊಡಗುತ್ತವೆ. ವೈದ್ಯರು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎನ್ನುವುದು ಇದಕ್ಕೆ. ಅದುರುವ ಹೃದಯ ರಕ್ತವನ್ನು ತಳ್ಳುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಮನುಷ್ಯ ಕುಸಿಯುತ್ತಾನೆ. ಎದೆ ಒತ್ತುವವರೂ ಇಲ್ಲ, ಯಂತ್ರವೂ ಇಲ್ಲ ಎಂದಾದರೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಬದುಕುವ ಸಾಧ್ಯತೆ ಕರಗುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ. ಹೃದಯಾಘಾತವೇ ಸ್ತಂಭನಕ್ಕೆ ತಿರುಗುವುದು ಸಾಮಾನ್ಯ. ಹುಟ್ಟಿನಿಂದ ಬಂದ ಹೃದಯ ಸ್ನಾಯುವಿನ ದೋಷದಿಂದ ಎಳೆಯರಲ್ಲೂ ಆಗುತ್ತದೆ. ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಮತ್ತೊಂದು ದಾರಿಯೂ ಗೊತ್ತು: ಅಡಿಕೆ, ತೆಂಗು ಕೊಯ್ಯುವ ಲೋಹದ ದೋಟಿ ವಿದ್ಯುತ್ ತಂತಿಗೆ ತಾಗಿ ಬೀಳುವ ಗಟ್ಟಿಮುಟ್ಟಾದ ಯುವಕನ ಎದೆಯಲ್ಲೂ ನಡೆಯುವುದು ಬಹುಪಾಲು ಇದೇ ಅದುರಾಟ.

ಅದುರಾಟವನ್ನು ನಿಲ್ಲಿಸುವ ಚಿಕಿತ್ಸೆ ಒಂದೇ, ಎದೆಯ ಮೂಲಕ ಹಾಯಿಸುವ ಒಂದು ಕ್ಷಣದ ವಿದ್ಯುತ್ ಆಘಾತ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1947ರಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಹೃದಯ ನಿಂತ 14 ವರ್ಷದ ಹುಡುಗನನ್ನು ಹೀಗೆ ಉಳಿಸಿದರು. ತೆರೆದ ಎದೆಯ ಹೃದಯಕ್ಕೇ ನೇರವಾಗಿ ಕೊಟ್ಟ ಆಘಾತ ಅದು. ಎದೆ ತೆರೆಯದೆ ಕೊಡುವ ವಿಧಾನ ಬಂದದ್ದು 1950ರ ದಶಕದಲ್ಲಿ. ಬೆಲ್‌ಫಾಸ್ಟ್‌ನ ಫ್ರಾಂಕ್ ಪ್ಯಾಂಟ್ರಿಜ್ 1965ರಲ್ಲಿ ಕಾರಿನ ಬ್ಯಾಟರಿಗಳಿಂದ ನಡೆಯುವ, 70 ಕಿಲೋ ತೂಗುವ ಯಂತ್ರವನ್ನು ಆಂಬುಲೆನ್ಸ್‌ಗೆ ಏರಿಸಿದರು. ರೋಗಿಯನ್ನು ಯಂತ್ರದ ಬಳಿಗೆ ಒಯ್ಯುವ ಬದಲು ಯಂತ್ರವನ್ನು ರೋಗಿಯ ಬಳಿಗೆ ಒಯ್ಯಬೇಕು ಎಂಬ ಯೋಚನೆಗೆ ನೆಲೆ ಸಿಕ್ಕಿದ್ದು ಅಲ್ಲಿಂದ. ಈಗಿನ ಎಇಡಿ (ಆಟೊಮೇಟೆಡ್ ಎಕ್ಸ್‌ಟರ್ನಲ್ ಡಿಫಿಬ್ರಿಲೇಟರ್) ಯಂತ್ರ ಒಂದೆರಡು ಕಿಲೋ ತೂಗುತ್ತದೆ. ಹೃದಯದ ಲಯವನ್ನು ತಾನೇ ಓದಿ, ಆಘಾತ ಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸಿ, ಮುಂದೇನು ಮಾಡಬೇಕೆಂದು ಮಾತಿನಲ್ಲಿ ಹೇಳುತ್ತದೆ. ಬೇಡದವರಿಗೆ ಆಘಾತ ಕೊಡಲು ಒಪ್ಪುವುದಿಲ್ಲ. ಈ ಒಂದು ಗುಣದಿಂದಲೇ ಅದು ವೈದ್ಯರ ಕೈದಾಟಿ ಗಗನಸಖಿಯ ಕೈಗೆ ಬಂತು.

ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆ 1991ರಲ್ಲಿ ತನ್ನ ದೂರಪ್ರಯಾಣದ ವಿಮಾನಗಳಲ್ಲಿ ಮತ್ತು ಮುಖ್ಯ ನಿಲ್ದಾಣಗಳಲ್ಲಿ ಎಇಡಿ ಇರಿಸಿತು. ಅಷ್ಟಕ್ಕೇ ನಿಂತಿದ್ದರೆ ಅದೊಂದು ಒಳ್ಳೆಯ ಕೆಲಸ ಎನಿಸಿಕೊಂಡು ಮರೆತುಹೋಗುತ್ತಿತ್ತು. ಅವರು ಲೆಕ್ಕ ಇಟ್ಟರು. ಹೃದ್ರೋಗ ತಜ್ಞ ಮೈಕಲ್ ಓ'ರೂರ್ಕ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ವರದಿಯಂತೆ 64 ತಿಂಗಳಲ್ಲಿ ಯಂತ್ರ 109 ಸಲ ಹೊರಬಂತು. ಅದರಲ್ಲಿ 46 ಹೃದಯ ಸ್ತಂಭನ, ಉಳಿದವು ಅಸ್ವಸ್ಥರ ಲಯ ನೋಡಲು. ವಿಮಾನದೊಳಗೆ 27 ಸ್ತಂಭನಗಳಾದರೂ ಅದುರಾಟ ಕಂಡದ್ದು ಆರರಲ್ಲಿ ಮಾತ್ರ. ನಿಲ್ದಾಣಗಳ 19ರಲ್ಲಿ 17 ಮಂದಿಯಲ್ಲಿ ಕಂಡಿತು. ಇಷ್ಟು ಅಂತರ ಯಾಕೆ? ನಿಲ್ದಾಣದಲ್ಲಿ ಮನುಷ್ಯ ಜನರ ಕಣ್ಣೆದುರು ಬೀಳುತ್ತಾನೆ. ವಿಮಾನದಲ್ಲಿ ಕಂಬಳಿ ಹೊದ್ದು ಕಣ್ಣುಮುಚ್ಚಿ ಕೂತವನು ನಿದ್ದೆ ಮಾಡುತ್ತಿದ್ದಾನೆ ಎಂದೇ ಪಕ್ಕದವರು ತಿಳಿಯುತ್ತಾರೆ. ಯಾರೋ ಮುಟ್ಟಿ ನೋಡುವಷ್ಟರಲ್ಲಿ ಅದುರಾಟವೂ ನಿಂತು ಹೃದಯ ಪೂರ್ತಿ ಸ್ತಬ್ಧವಾಗಿರುತ್ತದೆ. ಆಮೇಲೆ ಯಂತ್ರಕ್ಕೂ ಮಾಡಲು ಏನೂ ಉಳಿಯುವುದಿಲ್ಲ. ಅದುರಾಟವಿದ್ದ 23 ಮಂದಿಯಲ್ಲಿ ಆರು ಮಂದಿ ದೀರ್ಘಕಾಲ ಬದುಕಿದರು, ವಿಮಾನದಲ್ಲಿ ಕುಸಿದ ಇಬ್ಬರೂ ಸೇರಿ. ರಾತ್ರಿ ಬಸ್ಸಿನ ಬಗ್ಗೆ ಯೋಚಿಸುವ ಯಾರೂ ಈ ಕಂಬಳಿಯ ಪಾಠವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಅಮೆರಿಕನ್ ಏರ್‌ಲೈನ್ಸ್ 1997ರಲ್ಲಿ ಇದೇ ಹಾದಿ ಹಿಡಿಯಿತು. ಸುಮಾರು ಎರಡು ವರ್ಷಗಳಲ್ಲಿ 200 ಮಂದಿಗೆ ಯಂತ್ರ ಜೋಡಿಸಿದರು, ಅದುರಾಟವಿದ್ದವರೆಲ್ಲರನ್ನೂ ಯಂತ್ರ ಗುರುತಿಸಿತು, ಆಘಾತ ಪಡೆದವರಲ್ಲಿ ಶೇ. 40ರಷ್ಟು ಮಂದಿ ಆಸ್ಪತ್ರೆಯಿಂದ ಮನೆಗೆ ಹೋದರು. ಬೇಡದವರೊಬ್ಬರಿಗೂ ಆಘಾತ ಬೀಳಲಿಲ್ಲ. 2000ದಲ್ಲಿ ಈ ವರದಿ ಹೊರಬಂದ ಮರುವರ್ಷವೇ ಅಮೆರಿಕದ ವಿಮಾನಯಾನ ಆಡಳಿತ ನಿಯಮ ಹೊರಡಿಸಿತು. ಗಗನಸಖಿಯರಿರುವ ದೊಡ್ಡ ವಿಮಾನಗಳಲ್ಲೆಲ್ಲ 2004ರ ಏಪ್ರಿಲ್ ಒಳಗೆ ಎಇಡಿ ಇರಲೇಬೇಕೆಂದಾಯಿತು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾರ್ಗಸೂಚಿ ಅಷ್ಟು ಖಡಕ್ಕಾಗಿಲ್ಲ. ಯಂತ್ರದಿಂದ ಲಾಭ ಪಡೆಯುವ ಪ್ರಯಾಣಿಕರ ಸಂಖ್ಯೆ ತೀರಾ ಕಡಿಮೆ ಎಂದು ಅದು ನೇರವಾಗಿ ಒಪ್ಪುತ್ತದೆ; ಆದರೆ ಅದುರಾಟಕ್ಕೆ ಬೇರೆ ಚಿಕಿತ್ಸೆಯೇ ಇಲ್ಲದ ಕಾರಣ ಅನೇಕ ಸಂಸ್ಥೆಗಳು ಒಯ್ಯುತ್ತವೆ, ಹೆಚ್ಚು ಜನ ಹೆಚ್ಚು ಹೊತ್ತು ಕೂರುವ ವಿಮಾನದಲ್ಲಿ ಪ್ರಯೋಜನ ಹೆಚ್ಚು, ತಮ್ಮ ತಮ್ಮ ಅಪಾಯವನ್ನು ಅಳೆದು ನೋಡಿ ಆಯಾ ಸಂಸ್ಥೆಯೇ ನಿರ್ಧರಿಸಲಿ ಎನ್ನುತ್ತದೆ. ಈ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ. ಲಾಭ ಸಣ್ಣದು ಎಂದು ಒಪ್ಪಿಯೂ ಅಳೆದು ನೋಡಿ ಎಂದು ಹೇಳುವುದಕ್ಕೂ, ಅಳೆಯುವ ಗೊಡವೆಗೇ ಹೋಗದೆ ಸುಮ್ಮನಿರುವುದಕ್ಕೂ ಬಹಳ ವ್ಯತ್ಯಾಸವಿದೆ. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 2008ರಿಂದ 2010ರ ನಡುವಿನ 11,920 ಪ್ರಕರಣಗಳನ್ನು ನೋಡಿತು: 604 ಹಾರಾಟಗಳಿಗೆ ಒಂದು ವೈದ್ಯಕೀಯ ತುರ್ತು, ಅದರಲ್ಲಿ ಹೃದಯ ಸ್ತಂಭನ ಬರೀ ಶೇ. 0.3. ಹೆಚ್ಚಿನವರಿಗೆ ಆದದ್ದು ತಲೆಸುತ್ತು, ಉಸಿರಾಟದ ತೊಂದರೆ, ವಾಂತಿ. ಅರ್ಧದಷ್ಟು ಪ್ರಕರಣಗಳಲ್ಲಿ ಪ್ರಯಾಣಿಕರ ನಡುವೆಯೇ ಇದ್ದ ವೈದ್ಯರು ನೆರವಿಗೆ ಬಂದಿದ್ದರು.

ಬೆಂಗಳೂರಿಗೆ ಸಂಬಂಧಿಸಿದ ಎರಡು ಹಾರಾಟಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು 2023ರ ಜನವರಿಯಲ್ಲಿ ಸುದ್ದಿಯಾಯಿತು. ಬ್ರಿಟನ್ನಿನಿಂದ ಬೆಂಗಳೂರಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ 43 ವರ್ಷದ ಪ್ರಯಾಣಿಕರೊಬ್ಬರು ಕುಸಿದರು. ತಾಯಿಯ ಜತೆ ಅದೇ ವಿಮಾನದಲ್ಲಿದ್ದ ಬರ್ಮಿಂಗ್‌ಹ್ಯಾಮ್‌ನ ಯಕೃತ್ ತಜ್ಞ ಡಾ. ವಿಶ್ವರಾಜ್ ವೇಮಲ ಎದ್ದು ಹೋದರು. ವಿಮಾನದಲ್ಲಿ ತುರ್ತು ಔಷಧಗಳ ಪೆಟ್ಟಿಗೆ, ಆಮ್ಲಜನಕ, ಎಇಡಿ ಇದ್ದವು. ರಕ್ತದೊತ್ತಡ ನೋಡುವ ಯಂತ್ರ, ಬೆರಳಿಗೆ ಹಾಕುವ ಆಕ್ಸಿಮೀಟರ್, ಸಕ್ಕರೆ ಪ್ರಮಾಣ ನೋಡುವ ಸಾಧನಗಳು ಸಹಪ್ರಯಾಣಿಕರ ಚೀಲಗಳಿಂದ ಬಂದವು. ಸುಮಾರು ಒಂದು ಗಂಟೆಯ ಸತತ ಪ್ರಯತ್ನದ ಮೇಲೆ ಆ ಮನುಷ್ಯನಿಗೆ ಎಚ್ಚರ ಬಂತು. ಮತ್ತೊಮ್ಮೆ ಹೃದಯ ನಿಂತಿತು, ಮತ್ತೆ ಉಳಿಸಿಕೊಂಡರು, ಮುಂಬೈಯಲ್ಲಿ ಇಳಿಸಿದರು. ಅವರು ಬದುಕಿದರು.

ಎರಡನೆಯದರ ಕೊನೆ ಹಾಗಾಗಲಿಲ್ಲ. 2023ರ ಆಗಸ್ಟ್ 27ರಂದು ಬೆಂಗಳೂರಿನಿಂದ ದೆಹಲಿಗೆ ಹೊರಟ ವಿಸ್ತಾರ ವಿಮಾನದಲ್ಲಿ, ಹೃದಯದ ಶಸ್ತ್ರಚಿಕಿತ್ಸೆ ಆಗಿದ್ದ ಎಳೆ ಮಗುವಿನ ಉಸಿರು ನಿಂತಿತು. ದೆಹಲಿಯ ಏಮ್ಸ್‌ನ ಐದು ಮಂದಿ ವೈದ್ಯರು ಅದೇ ವಿಮಾನದಲ್ಲಿದ್ದರು. ಎದೆ ಒತ್ತುತ್ತಿರುವಾಗಲೇ ಮತ್ತೆ ಹೃದಯ ನಿಂತಾಗ ಎಇಡಿ ಬಳಸಿದರು. 45 ನಿಮಿಷಗಳ ಹೋರಾಟದ ನಂತರ ಮಗುವಿನ ನಾಡಿ ಮರಳಿತು, ವಿಮಾನ ನಾಗ್ಪುರದಲ್ಲಿ ಇಳಿಯಿತು. ಕೆಲವು ದಿನಗಳ ನಂತರ ಮಗು ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡಿತು. ಇಳಿದ ಮೇಲಿನ ಕಥೆ ಯಂತ್ರದ ಕೈಯಲ್ಲಿಲ್ಲ. ಆದರೆ ಆ ತಂದೆತಾಯಿಗೆ ತಮ್ಮ ಮಗುವಿಗೆ ಆಗಬೇಕಾದ್ದೆಲ್ಲ ಆಗಿದೆ ಎಂದಾದರೂ ಹೇಳಿಕೊಳ್ಳಲು ಬರುತ್ತದೆ. ಘಾಟಿಯಲ್ಲಿ ತಮ್ಮವರನ್ನು ಕಳೆದುಕೊಂಡವರಿಗೆ ಅಷ್ಟೂ ಇಲ್ಲ.

ಎರಡೂ ಕಡೆ ವೈದ್ಯರಿದ್ದರಲ್ಲ, ವೈದ್ಯರಿಲ್ಲದಿದ್ದರೆ? ಷಿಕಾಗೊ ನಗರ ತನ್ನ ವಿಮಾನ ನಿಲ್ದಾಣಗಳಲ್ಲಿ ಚುರುಕಾಗಿ ನಡೆದರೆ ಒಂದು, ಒಂದೂವರೆ ನಿಮಿಷಕ್ಕೆ ಒಂದು ಯಂತ್ರ ಸಿಗುವಂತೆ ಗೋಡೆಗಳಿಗೆ ಎಇಡಿ ತೂಗಿಸಿತು. ಎರಡು ವರ್ಷಗಳಲ್ಲಿ ಅದುರಾಟದಿಂದ ಬಿದ್ದ 18 ಮಂದಿಯಲ್ಲಿ 11 ಮಂದಿ ಉಳಿದರು. ಆ ಹನ್ನೊಂದರಲ್ಲಿ ಆರು ಮಂದಿಯನ್ನು ಉಳಿಸಿದವರು ಯಂತ್ರವನ್ನು ಹಿಂದೆಂದೂ ಬಳಸಿದವರೂ ಅಲ್ಲ, ಬಳಸುವ ತರಬೇತಿ ಪಡೆದವರೂ ಅಲ್ಲ. 2002ರಲ್ಲಿ ಪ್ರಕಟವಾದ ಈ ವರದಿಯನ್ನು ನಮ್ಮ ಸಾರಿಗೆ ಸಂಸ್ಥೆಗಳ ಅಧಿಕಾರಿಗಳ ಮೇಜಿನ ಮೇಲೆ ಇಡಬೇಕು. "ನಮ್ಮ ಜನಕ್ಕೆ ಇದೆಲ್ಲ ಗೊತ್ತಾಗುವುದಿಲ್ಲ" ಎಂಬ ಮಾತಿಗೆ ಅದು ಉತ್ತರ.

ಕರ್ನಾಟಕದಲ್ಲಿ ಈ ವಿಷಯ ಮನೆಮಾತಾದದ್ದು 2021ರ ಅಕ್ಟೋಬರ್ 29ರಂದು, ನಟ ಪುನೀತ್ ರಾಜ್‌ಕುಮಾರ್ ಹೃದಯ ಸ್ತಂಭನದಿಂದ ತೀರಿಕೊಂಡ ದಿನ. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಗೆ ಎದೆನೋವೆಂದು ಬಂದವರ ಇಸಿಜಿಯನ್ನು ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುವ ವ್ಯವಸ್ಥೆ ಇದು. ಖಾಸಗಿಯಲ್ಲಿ ಆ ಮದ್ದಿಗೆ ಹತ್ತಾರು ಸಾವಿರ ರೂಪಾಯಿ. ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಇರಿಸುವ ಮಾತನ್ನೂ ಸರ್ಕಾರ ಆಡಿತು. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಸಾಲು ಸಾಲು ಹಠಾತ್ ಸಾವುಗಳ ಸುದ್ದಿ ಬಂದಾಗ ಘಟ್ಟದ ಕೆಳಗಿನವರೂ ಹೆದರಿದರು. ಜಯದೇವದ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿತು. ಹಠಾತ್ ಸಾವುಗಳನ್ನು ಕಡ್ಡಾಯವಾಗಿ ದಾಖಲಿಸಬೇಕು, ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೆ ಒಯ್ಯಬೇಕು ಎಂದು ಸರ್ಕಾರ ಘೋಷಿಸಿತು.

ಕರಾವಳಿಯಲ್ಲಿ ಇದಕ್ಕೂ ಮೊದಲೇ ಕೆಲಸ ಶುರುವಾಗಿತ್ತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಆರಂಭಿಸಿ, ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೂ ಸಣ್ಣ ಕ್ಲಿನಿಕ್‌ಗಳಿಗೂ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಇಸಿಜಿಗೆ ಅಲ್ಲಿಂದಲೇ ಸಲಹೆ ಕೊಡುವ ಪರಿಪಾಠ ಬೆಳೆಸಿದರು. ಎದೆ ಉರಿ ಗ್ಯಾಸ್ ಇರಬೇಕು ಎಂದು ಕಷಾಯ ಕುಡಿದು ಮಲಗುವ ಊರಿನಲ್ಲಿ ಇದು ದೊಡ್ಡ ಕೆಲಸ.

ಆದರೆ ಇವೆಲ್ಲ ಕಾಪಾಡುವುದು ಎದೆನೋವು ಬಂದು ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಇರುವವರನ್ನು. ದಾರಿಯಲ್ಲೇ ಹೃದಯ ನಿಂತವನಿಗೆ ಇಸಿಜಿಯಾಗಲಿ ಚುಚ್ಚುಮದ್ದಾಗಲಿ ಉಪಯೋಗಕ್ಕಿಲ್ಲ. 2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ ನಲವತ್ತು ದಿನಗಳ ಹಸುಗೂಸನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವಕ್ಕೆ ಆಂಬುಲೆನ್ಸ್ ನಾಲ್ಕೂವರೆ ಗಂಟೆಯೊಳಗೆ ತಲುಪಿಸಿದಾಗ ಊರೂರಿನ ಯುವಕರು ರಸ್ತೆ ಬಿಡಿಸಿ ನಿಂತಿದ್ದರು. ಈ ಜನಕ್ಕೆ ಮನಸ್ಸಿಲ್ಲ ಎನ್ನುವ ಹಾಗಿಲ್ಲ. ಸ್ತಂಭನ ಮಾತ್ರ ನಾಲ್ಕೂವರೆ ಗಂಟೆ ಕೊಡುವುದಿಲ್ಲ, ನಾಲ್ಕೂವರೆ ನಿಮಿಷ ಕೊಟ್ಟರೆ ಹೆಚ್ಚು.

ಈಗ ಗುಂಡ್ಯಕ್ಕೆ ಬರೋಣ. ಕಡಬ ತಾಲೂಕಿನ ಈ ಸಣ್ಣ ಪೇಟೆಯಲ್ಲಿ ಹೆದ್ದಾರಿಯಿಂದ ಸುಬ್ರಹ್ಮಣ್ಯದ ರಸ್ತೆ ಕವಲೊಡೆಯುತ್ತದೆ. ಪಕ್ಕದಲ್ಲಿ ಗುಂಡ್ಯ ಹೊಳೆ, ಮುಂದೆ ಅಡ್ಡಹೊಳೆ ದಾಟಿದರೆ ಕಾಡು ಮತ್ತು ಏರು, ಮಾರನಹಳ್ಳಿಯ ತನಕ. ಕೆಳಗೆ ನೆಲ್ಯಾಡಿಗೆ ಹದಿನೈದು ಕಿಲೋಮೀಟರ್ ಆಸುಪಾಸು, ಉಪ್ಪಿನಂಗಡಿಗೆ ಅದರ ಇಮ್ಮಡಿ. ಮೇಲೆ ಸಕಲೇಶಪುರಕ್ಕೆ ನಲವತ್ತಕ್ಕೂ ಹೆಚ್ಚು. ದೊಡ್ಡ ಹೃದಯ ಚಿಕಿತ್ಸೆ ಎಂದರೆ ಕೆಳಗಿನವರಿಗೆ ಮಂಗಳೂರು, ಮೇಲಿನವರಿಗೆ ಹಾಸನ. ಘಾಟಿಯ ನಡುವೆ ಮೊಬೈಲ್ ಸಿಗ್ನಲ್ ಬರುವುದೂ ಹೋಗುವುದೂ ಅದರ ಇಷ್ಟ. 108ಕ್ಕೆ ಕರೆ ಹೋದರೂ, ಆಂಬುಲೆನ್ಸ್ ನೆಲ್ಯಾಡಿಯಲ್ಲೇ ಹೊರಡಲು ಸಿದ್ಧವಾಗಿ ನಿಂತಿತ್ತು ಎಂದೇ ಇಟ್ಟುಕೊಂಡರೂ, ಗುಂಡ್ಯ ಮುಟ್ಟಲು ಕಾಲು ಗಂಟೆ ಬೇಕು. ಮಳೆಗಾಲದಲ್ಲಿ ಗುಡ್ಡ ಜರಿದು ಲಾರಿಗಳು ಸಾಲುಗಟ್ಟಿ ನಿಂತರೆ ಲೆಕ್ಕವೇ ಬೇಡ. 2018ರಲ್ಲೂ 2024ರಲ್ಲೂ ಅದನ್ನು ಕಂಡಿದ್ದೇವೆ.

ರೈಲಿನ ಸ್ಥಿತಿ ಇನ್ನೂ ಕಠಿಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್, ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಅಡಿಗೆ ಒಂದಡಿ ಏರು. ಗಂಟೆಗೆ 30 ಕಿಲೋಮೀಟರ್ ದಾಟದ ವೇಗದಲ್ಲಿ ಎರಡು ಗಂಟೆಗೂ ಮಿಕ್ಕಿ ಬೇಕು. ನಡುವಿನ ಯಡಕುಮೇರಿ ನಿಲ್ದಾಣಕ್ಕೆ ವಾಹನದ ರಸ್ತೆಯೇ ಇಲ್ಲ, ಹಳಿಯೇ ದಾರಿ. 2021ರ ಜುಲೈಯಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳು ಬಂದ ಮೇಲೆ ಜಲಪಾತ ನೋಡಲೆಂದೇ ಹಗಲು ರೈಲು ಹತ್ತುವವರು ಹೆಚ್ಚಿದ್ದಾರೆ, ಹಿರಿಯರೂ ಬರುತ್ತಾರೆ. ಕುಕ್ಕೆಗೆ ಹೋಗುವ ಭಕ್ತರಲ್ಲಿ ಅರುವತ್ತು ದಾಟಿದವರು ಎಷ್ಟಿಲ್ಲ! ಹೆಚ್ಚು ಜನ, ಹೆಚ್ಚು ಹೊತ್ತು, ನಡುವೆ ಇಳಿಯಲು ಜಾಗವಿಲ್ಲ. ವಿಮಾನದಲ್ಲಿ ಎಇಡಿ ಇರಬೇಕೇ ಎಂದು ಅಳೆಯಲು ಯಾವ ಮಾನದಂಡಗಳಿವೆಯೋ ಅವೆಲ್ಲ ಈ ಹಳಿಗೆ ಹಾಗೇ ಹೊಂದುತ್ತವೆ. ವಿಮಾನವಾದರೂ ಅರ್ಧ ಗಂಟೆಯಲ್ಲಿ ಯಾವುದೋ ನಿಲ್ದಾಣಕ್ಕೆ ಇಳಿದೀತು. ಯಡಕುಮೇರಿ ಸುರಂಗದಲ್ಲಿರುವ ರೈಲಿಗೆ ಆ ಅನುಕೂಲವೂ ಇಲ್ಲ.

ಯಂತ್ರವೇನೋ ಬೇಕು, ಅದನ್ನು ಎಲ್ಲಿಡುವುದು? ಗುಂಡ್ಯ ಪೇಟೆಯ ಒಂದು ಗೋಡೆಗೆ ಎಇಡಿ ತೂಗಿಸಿ, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಳ್ಳುವುದು ಸುಲಭ. ಆ ಯಂತ್ರ ಕಾಯುವುದು ಪೇಟೆಯ ಎರಡು ನಿಮಿಷದ ಸುತ್ತಳತೆಯನ್ನು ಮಾತ್ರ. ಮನೆಗಳಲ್ಲೇ ಯಂತ್ರ ಇರಿಸಿ ನೋಡಿದ 2008ರ ಅಧ್ಯಯನವೊಂದಿದೆ. ಹೃದಯಾಘಾತವಾಗಿದ್ದ ಸುಮಾರು 7000 ಮಂದಿಯಲ್ಲಿ, ಯಂತ್ರ ಇದ್ದ ಮನೆಗೂ ಇಲ್ಲದ ಮನೆಗೂ ಸಾವಿನಲ್ಲಿ ಹೆಚ್ಚು ಕಡಿಮೆ ಕಾಣಲಿಲ್ಲ. ಜನ ಸೇರುವ ಜಾಗಗಳಲ್ಲಿ, ತರಬೇತಾದ ಸ್ವಯಂಸೇವಕರ ಕೈಯಲ್ಲಿಟ್ಟ 2004ರ ಇನ್ನೊಂದು ಅಧ್ಯಯನದಲ್ಲಿ ಎದೆ ಒತ್ತುವುದನ್ನಷ್ಟೇ ಕಲಿತವರ ಕಡೆ 15 ಮಂದಿ ಬದುಕಿದರೆ, ಯಂತ್ರವೂ ಇದ್ದ ಕಡೆ 30. ಜಪಾನಿನಲ್ಲಿ ಸಾಮಾನ್ಯರಿಗೆ 2004ರಿಂದ ಬಳಕೆಗೆ ಅನುಮತಿ ಸಿಕ್ಕಿತು, ಯಂತ್ರಗಳ ಸಾಂದ್ರತೆ ಚದರ ಕಿಲೋಮೀಟರಿಗೆ ಒಂದರಿಂದ ನಾಲ್ಕಕ್ಕೆ ಏರಿತು, ಬದುಕಿದವರ ಸಂಖ್ಯೆಯೂ ಏರಿತು. ಶಿರಾಡಿಯ ಕಾಡಿನಲ್ಲಿ ಚದರ ಕಿಲೋಮೀಟರಿಗೆ ನಾಲ್ಕು ಯಂತ್ರ ಇಡುವ ಮಾತು ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಇಲ್ಲಿ ಜನಸಾಂದ್ರತೆ ಇರುವುದು ಬಸ್ಸಿನೊಳಗೆ ಮತ್ತು ಬೋಗಿಯೊಳಗೆ. ನನ್ನ ವಾದ ಇಷ್ಟೇ: ಯಂತ್ರ ಗುಂಡ್ಯದಲ್ಲಿ ಕಾದು ಕೂರುವುದು ಬೇಡ, ಘಾಟಿ ಹತ್ತುವ ವಾಹನದಲ್ಲೇ ಹತ್ತಲಿ.

ಬಸ್ಸಿನಲ್ಲಿ ಅದು ಹೇಗೆ ನಡೆದೀತು ಎಂದು ಹತ್ತಿರದಿಂದ ನೋಡೋಣ. ಆಷಾಢದ ರಾತ್ರಿ, ಗುಂಡ್ಯದಲ್ಲಿ ಇಳಿದು ನೆನೆದು ಬಂದ ಪ್ರಯಾಣಿಕ ಏರುದಾರಿಯಲ್ಲಿ ಕುಸಿಯುತ್ತಾನೆ. ಕಂಡಕ್ಟರ್ ಹೆಗಲು ತಟ್ಟಿ ಕೂಗುತ್ತಾನೆ, ಉತ್ತರವಿಲ್ಲ. ಗೊರಕೆಯಂಥ ಒಂದೆರಡು ಸದ್ದು ಬರಬಹುದು. ಅದು ಉಸಿರಾಟವಲ್ಲ, ಹೃದಯ ನಿಂತವರಲ್ಲಿ ಬರುವ ಏದುಸಿರು. ಬಸ್ಸು ನಿಲ್ಲಲೇಬೇಕು, ಕುಲುಕಾಟದಲ್ಲಿ ಯಂತ್ರಕ್ಕೆ ಲಯ ಓದಲು ಬರುವುದಿಲ್ಲ. ತಿರುವಿನಲ್ಲಿ ನಿಲ್ಲಿಸಿದರೆ ಹಿಂದಿನ ಲಾರಿ ಬಂದು ಗುದ್ದೀತು, ಹಾಗಾಗಿ ಡ್ರೈವರ್ ಅಗಲ ಜಾಗ ಹುಡುಕಿ ಇಂಡಿಕೇಟರ್ ಹಾಕಬೇಕು. ಅಷ್ಟರಲ್ಲಿ ಸೀಟಿನಿಂದ ಎಳೆದು ನಡುದಾರಿಯ ನೆಲದಲ್ಲಿ ಮಲಗಿಸಬೇಕು. ಸೀಟಿನ ಮೆತ್ತೆಯ ಮೇಲೆ ಎದೆ ಒತ್ತಿದರೆ ಒತ್ತಡ ಮೆತ್ತೆಗೆ ಹೋಗುತ್ತದೆ. ವಿಮಾನದಲ್ಲೂ ಸಾಲುಗಳ ನಡುವೆ ಜಾಗ ಸಾಲದೆ, ಊಟ ಸಿದ್ಧಪಡಿಸುವ ಗ್ಯಾಲಿಗೆ ಎಳೆದೊಯ್ಯುವುದುಂಟು. ಬಸ್ಸಿನಲ್ಲಿ ಅದಕ್ಕೆ ಬಾಗಿಲ ಬಳಿಯ ಜಾಗ. ಮಹಡಿ ಹಾಸಿಗೆಯ ಸ್ಲೀಪರ್ ಬಸ್ಸುಗಳಲ್ಲಿ ಮೇಲಿನ ಬರ್ತಿನಿಂದ ಒಬ್ಬರನ್ನು ಇಳಿಸಲು ಮೂವರು ಬೇಕು ಎಂಬುದನ್ನು ಮೊದಲೇ ಅಭ್ಯಾಸ ಮಾಡಿರಬೇಕು.

ಒಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ತಗ್ಗುವಂತೆ ಒತ್ತುತ್ತಿರಬೇಕು. ಎರಡು ನಿಮಿಷಕ್ಕೊಮ್ಮೆ ಬೇರೊಬ್ಬರು ಕೈ ಕೊಡಬೇಕು, ಎಂಥ ಗಟ್ಟಿಗನಿಗೂ ಕೈ ಸೋಲುತ್ತದೆ. ಇನ್ನೊಬ್ಬರು ಅಂಗಿ ಕತ್ತರಿಸಿ, ನೆನೆದ ಎದೆಯನ್ನು ಬೈರಾಸಿನಲ್ಲಿ ಒರೆಸಬೇಕು. ಒದ್ದೆ ಚರ್ಮದ ಮೇಲೆ ಪ್ಯಾಡ್ ಹಿಡಿಯುವುದಿಲ್ಲ, ವಿದ್ಯುತ್ ಹೃದಯಕ್ಕೆ ಹೋಗುವ ಬದಲು ನೀರಿನ ಮೇಲೇ ಹರಿದೀತು. ಒಂದು ಪ್ಯಾಡ್ ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಗೆ. ಯಂತ್ರ ಲಯ ಓದುವಾಗ ಯಾರೂ ಮುಟ್ಟಬಾರದು. ಆಘಾತ ಬೇಕೆಂದು ಹೇಳಿದರೆ ಗುಂಡಿ ಒತ್ತುವುದು, ಆದ ಕೂಡಲೇ ಮತ್ತೆ ಎದೆ ಒತ್ತುವುದು. ಇಷ್ಟರಲ್ಲಿ ಅರ್ಥವಾಗದ್ದು ಯಾವುದಿದೆ?

ಭಾಷೆ ಒಂದಿದೆ. ಗುಂಡ್ಯದ ಬಸ್ಸಿನಲ್ಲಿ ತುಳು, ಕನ್ನಡ, ಬ್ಯಾರಿ, ಅರೆಭಾಷೆ, ಮಲಯಾಳಂ ಎಲ್ಲ ಕೇಳಿಸುತ್ತವೆ. ಯಂತ್ರ ಇಂಗ್ಲಿಷಿನಲ್ಲಿ ಮಾತ್ರ ಆಜ್ಞೆ ಕೊಟ್ಟರೆ ಕಂಗಾಲಾದ ಕೈಗಳು ಇನ್ನಷ್ಟು ನಡುಗುತ್ತವೆ. ಟೆಂಡರ್ ಕರೆಯುವಾಗಲೇ ಕನ್ನಡದ ಧ್ವನಿ ಬೇಕೆಂದು ಬರೆಯುವುದು ಸರ್ಕಾರಕ್ಕೆ ಕಷ್ಟದ ಮಾತಲ್ಲ. ವಿಮಾನದ ಎಂಜಿನ್ ಸದ್ದಿನಲ್ಲಿ ಧ್ವನಿ ಕೇಳಿಸದೇ ಹೋಗಬಹುದೆಂದು ತೆರೆಯ ಮೇಲೆ ಬರಹವೂ ತೋರಿಸುವ ಯಂತ್ರಗಳಿವೆ. ಘಾಟಿಯ ಮಳೆಗೂ ಅಂಥದ್ದೇ ಸರಿ.

ರೈಲಿನಲ್ಲಿ ಲೆಕ್ಕ ಬೇರೆ. ಒಂದು ಬೋಗಿ ಸುಮಾರು 24 ಮೀಟರ್ ಉದ್ದ, ಇಪ್ಪತ್ತು ಬೋಗಿಯ ರೈಲು ಅರ್ಧ ಕಿಲೋಮೀಟರಿಗೆ ಹತ್ತಿರ. ಕೊನೆಯಲ್ಲಿರುವ ಗಾರ್ಡಿನ ಬಳಿ ಯಂತ್ರ ಇಟ್ಟರೆ, ಬ್ಯಾಗುಗಳನ್ನೂ ಮಲಗಿದವರ ಕಾಲುಗಳನ್ನೂ ದಾಟಿ ಮುಂದಿನ ಜನರಲ್ ಬೋಗಿಗೆ ಅದು ತಲುಪುವುದು ತಿಥಿ ಮುಗಿದ ಮೇಲೆ. ಕನಿಷ್ಠ ಮೂರು ಯಂತ್ರ ಬೇಕು: ಮುಂದೆ, ನಡುವೆ, ಹಿಂದೆ. ಯಾವ ಬೋಗಿಯಲ್ಲಿದೆ ಎಂದು ಪ್ರತಿ ಬೋಗಿಯಲ್ಲೂ ಬರೆದಿರಬೇಕು. ಅಷ್ಟು ಆಗುವ ತನಕ ಬ್ಯಾಂಕರ್ ಎಂಜಿನ್‌ಗಾಗಿ ಹೇಗೂ ರೈಲುಗಳು ನಿಲ್ಲುವ ಸುಬ್ರಹ್ಮಣ್ಯ ರೋಡ್‌ನಲ್ಲೂ ಸಕಲೇಶಪುರದಲ್ಲೂ ಒಂದೊಂದಾದರೂ ಇರಲಿ, ಯಡಕುಮೇರಿಯ ಸಿಬ್ಬಂದಿಯ ಕೈಯಲ್ಲೂ ಒಂದಿರಲಿ.

ಹಣದ ಮಾತು ಬರುತ್ತದೆ. ಒಂದು ಯಂತ್ರಕ್ಕೆ ಲಕ್ಷ ರೂಪಾಯಿಯ ಆಚೀಚೆ. ಅದಕ್ಕಿಂತ ನನ್ನನ್ನು ಕಾಡುವುದು ನಿರ್ವಹಣೆ. ಬ್ಯಾಟರಿಗೆ ನಾಲ್ಕೈದು ವರ್ಷ ಆಯುಸ್ಸು, ಪ್ಯಾಡಿನ ಅಂಟು ಎರಡರಿಂದ ನಾಲ್ಕು ವರ್ಷದಲ್ಲಿ ಒಣಗುತ್ತದೆ. ಘಾಟಿಯ ತೇವದಲ್ಲಿ ಚರ್ಮದ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ. ನೀರು, ಧೂಳು ತಡೆಯುವ ಐಪಿ55 ದರ್ಜೆಗಿಂತ ಕಡಿಮೆಯದನ್ನು ಇಲ್ಲಿಗೆ ಕೊಳ್ಳಬಾರದು. ಯಂತ್ರ ದಿನವೂ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಸರಿಯಿದ್ದರೆ ಹಸಿರು ಗುರುತು ತೋರಿಸುತ್ತದೆ. ಅದನ್ನು ನೋಡುವ ಕಣ್ಣು ಬೇಕು. ಸತ್ತ ಬ್ಯಾಟರಿಯ ಯಂತ್ರ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ, ಅದನ್ನು ಜೋಡಿಸುತ್ತ ಕಳೆಯುವ ಹೊತ್ತಿನಲ್ಲಿ ಎದೆಯನ್ನಾದರೂ ಒತ್ತಬಹುದಿತ್ತು.

ಕಾನೂನಿನ ಭಯವನ್ನೂ ಹೋಗಲಾಡಿಸಬೇಕು. ಸುಪ್ರೀಂ ಕೋರ್ಟ್ 2016ರಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನೆರವಾಗುವವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಮು ಅದನ್ನು ಶಾಸನವಾಗಿಸಿತು. ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿಕೊಂಡಿದೆ. ಕೇಂದ್ರದ ಕಲಮು ಬರೆದಿರುವುದು ವಾಹನ ಅಪಘಾತಕ್ಕೆ. ಬಸ್ಸಿನ ಸೀಟಿನಲ್ಲಿ ಹೃದಯ ನಿಂತವನ ಅಂಗಿ ಹರಿದು ಪ್ಯಾಡ್ ಅಂಟಿಸುವ ಅಪರಿಚಿತನಿಗೂ ಅದೇ ರಕ್ಷಣೆ ಎಂದು ಒಂದು ಸಾಲಿನಲ್ಲಿ ಸ್ಪಷ್ಟಪಡಿಸುವುದು ಶಾಸಕರ ಕೆಲಸ. ಹೆಂಗಸರು ಕುಸಿದಾಗ ಎದೆಯ ಬಟ್ಟೆ ಸರಿಸಲು ಜನ ಹಿಂಜರಿಯುತ್ತಾರೆ. ತರಬೇತಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕು, ಶಾಲು ಅಡ್ಡ ಹಿಡಿಯಲು ಇಬ್ಬರನ್ನು ನಿಲ್ಲಿಸುವುದನ್ನೂ ಕಲಿಸಬೇಕು.

ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಕಂಡಕ್ಟರ್ ಬ್ಯಾಡ್ಜಿಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಕೇಳುವ ಪದ್ಧತಿ ಮೊದಲಿನಿಂದ ಇದೆ. ಅದೇ ತರಬೇತಿಗೆ ಎದೆ ಒತ್ತುವುದನ್ನೂ ಎಇಡಿಯನ್ನೂ ಸೇರಿಸಿ, ಬೊಂಬೆಯ ಮೇಲೆ ಕೈಯಾರೆ ಮಾಡಿಸಿ, ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿಸಿದರೆ ಸಾಕು. ರಾತ್ರಿ ಬಸ್ಸಿನ ಕಂಡಕ್ಟರ್ ದೀಪ ಆರಿಸಿದ ಮೇಲೂ ಒಂದೆರಡು ಸಲ ನಡುದಾರಿಯಲ್ಲಿ ನಡೆದು, ಎದೆನೋವೆಂದು ಹೇಳಿದವರನ್ನೂ ವಿಪರೀತ ಬೆವರುವವರನ್ನೂ ಮುಂದಿನ ಸೀಟಿಗೆ ಕರೆತಂದು ಕೂರಿಸಿಕೊಳ್ಳಲಿ. ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗದಿಂದ ಘಾಟಿ ದಾಟುವ ರಾತ್ರಿ ಬಸ್ಸುಗಳಲ್ಲಿ ಇದನ್ನು ಆರಂಭಿಸಬಹುದು. ಡಿಪೋದಲ್ಲಿ ಟೈರು, ಬ್ರೇಕು ನೋಡಿ ಸಹಿ ಹಾಕುವ ಪುಸ್ತಕದಲ್ಲೇ ಯಂತ್ರದ ಹಸಿರು ಗುರುತಿಗೂ ಪ್ಯಾಡಿನ ಅವಧಿಗೂ ಒಂದು ಕಾಲಂ ಇರಲಿ. ಕ್ವಾಂಟಾಸ್‌ನವರು 64 ತಿಂಗಳ ಲೆಕ್ಕ ಇಟ್ಟ ಹಾಗೆ ಇವರೂ ಇಡಲಿ: ಪೆಟ್ಟಿಗೆ ಎಷ್ಟು ಸಲ ತೆರೆಯಿತು, ಕುಸಿದದ್ದು ಕಂಡು ಎಷ್ಟು ನಿಮಿಷಕ್ಕೆ ಪ್ಯಾಡ್ ಅಂಟಿತು, ಆಘಾತ ಎಷ್ಟು ಮಂದಿಗೆ ಬೇಕಾಯಿತು, ಅವರಲ್ಲಿ ಎಷ್ಟು ಮಂದಿ ಮನೆಗೆ ನಡೆದು ಹೋದರು. ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಿದರೆ, ರೈಲ್ವೆಯವರ ಮುಂದೆ ಇಡಲು ನಮ್ಮ ಕೈಯಲ್ಲಿ ನಮ್ಮದೇ ಘಾಟಿಯ ಅಂಕಿಗಳಿರುತ್ತವೆ.